ಆಪರೇಷನ್‌ಗೆ ಆರು ವಾರ ಉಂಟು, ಈ ಕಾಪಿ-ಸೋಡಾ ಬಿಡುವುದು ಹೇಗೆ ಮಾರಾಯ್ರೆ?

ಸೂಜಿದಾರ, ಸುರತ್ಕಲ್ | ಫೆಬ್ರವರಿ 4

ಎಲ್ಲರಿಗೂ ನಮಸ್ಕಾರ. ಇಷ್ಟು ದಿನ ಸುಮ್ನೆ ಓದುತ್ತಿದ್ದೆ, ಬರೆಯುವುದು ಇವತ್ತೇ ಮೊದಲು.

ವಯಸ್ಸು 43. ಎತ್ತರ 5 ಅಡಿ 2 ಇಂಚು, ತೂಕ 112 ಕೆಜಿ. ಶುಗರ್ ಉಂಟು, ಮಂಡಿನೋವು ಉಂಟು, ರಾತ್ರಿ ನಿದ್ದೆಯಲ್ಲಿ ಉಸಿರು ಕಟ್ಟದ ಹಾಗೆ ಮುಖಕ್ಕೆ ಗಾಳಿ ಊದುವ ಸಿಪ್ಯಾಪ್ ಮಿಷನ್ ಕಟ್ಟಿಕೊಂಡು ಮಲಗುತ್ತೇನೆ. ಮಾರ್ಚ್ 18ಕ್ಕೆ ಸ್ಲೀವ್ ಆಪರೇಷನ್, ಅಂದರೆ ತೂಕ ಇಳಿಸಲಿಕ್ಕೆ ಹೊಟ್ಟೆ ಸಣ್ಣ ಮಾಡುವುದು, ಅಂತ ದಿನ ಕೊಟ್ಟಿದ್ದಾರೆ. ಆಪರೇಷನ್‌ಗೆ ಹೆದರಿಕೆ ಇಲ್ಲ. ಹೆದರಿಕೆ ಇರುವುದು ಅವರು ಕೊಟ್ಟ ಒಂದು ಹಾಳೆಗೆ. ಅದರಲ್ಲಿ ಒಂದೇ ಸಾಲು: ಕಾಫಿ, ಚಾ, ಗ್ಯಾಸ್ ಇರುವ ಪಾನೀಯ ನಿಲ್ಲಿಸಿ. ಅಷ್ಟೇ. ಹೇಗೆ, ಯಾವಾಗಿನಿಂದ, ಎಷ್ಟು ದಿನ, ಒಂದೂ ಇಲ್ಲ.

ನನ್ನ ಲೆಕ್ಕ ಕೇಳಿ. ಮನೆಯಲ್ಲೇ ಹೊಲಿಗೆ ಕೆಲಸ. ಬೆಳಿಗ್ಗೆ ಆರಕ್ಕೆ ಒಂದು ಕಾಪಿ, ತಿಂಡಿಗೆ ಒಂದು. ಆಮೇಲೆ ಬ್ಲೌಸ್ ಅಳತೆ ಕೊಡಲಿಕ್ಕೆ ಯಾರು ಬಂದರೂ ಅವರಿಗೆ ಚಾ ಮಾಡುವುದು, ಅವರ ಜೊತೆ ನಾನೂ ಕುಡಿಯುವುದು. ಮದುವೆ ಸೀಸನ್‌ನಲ್ಲಿ ದಿನಕ್ಕೆ ನಾಲ್ಕು ಜನ ಬಂದರೆ ನಾಲ್ಕು ಚಾ. ಊಟ ಆದ ಮೇಲೆ ಒಂದು ಜೀರಾ ಸೋಡಾ, ಜೀರ್ಣ ಆಗಲಿ ಅಂತ. ಸಂಜೆ ಅತ್ತೆಯ ಜೊತೆ ಜಗಲಿಯಲ್ಲಿ ಕೂತು ಒಂದು ಕಾಪಿ. ಅದು ಇಪ್ಪತ್ತು ವರ್ಷದಿಂದ ತಪ್ಪಿಲ್ಲ. ನಮ್ಮಿಬ್ಬರಿಗೆ ಬೇರೆ ಏನೂ ಹೊಂದುವುದಿಲ್ಲ, ಆ ಕಾಪಿ ಒಂದೇ ಹೊಂದುವುದು. ರಾತ್ರಿ ಸೆಕೆ ತಡೆಯದೆ ಫ್ರಿಜ್‌ನಲ್ಲಿರುವ ಕೋಲಾ.

ಒಮ್ಮೆಲೇ ಬಿಡಬೇಕಾ, ಸ್ವಲ್ಪ ಸ್ವಲ್ಪ ಬಿಡಬೇಕಾ? ಬಿಟ್ಟವರು ಹೇಳಿ.

ಮೂರನೇ ಮಹಡಿ, ಮಣಿಪಾಲ | ಫೆಬ್ರವರಿ 4

ಸೂಜಿದಾರ ಅಕ್ಕ, ನನಗೆ ಬೈಪಾಸ್ ಆಗಿ ಮೂರು ವರ್ಷ. (ಬೈಪಾಸ್ ಅಂದ ಕೂಡಲೇ ಎಲ್ಲರೂ "ಅಯ್ಯೋ, ಹಾರ್ಟಾ?" ಅಂತ ಕೇಳುತ್ತಾರೆ. ಅಲ್ಲ, ಹೊಟ್ಟೆಯದ್ದು. ತೂಕ ಇಳಿಸಲಿಕ್ಕೆ ಹೊಟ್ಟೆಯನ್ನು ಸಣ್ಣ ಮಾಡಿ, ಸಣ್ಣಕರುಳಿನ ಮೊದಲ ಭಾಗ ದಾಟಿಸಿ ಜೋಡಿಸುವುದು.)

ಒಮ್ಮೆಲೇ ಬಿಡಬೇಡಿ. ನಾನು ಹಾಗೆ ಮಾಡಿ ಸತ್ತೆ. ಆಪರೇಷನ್‌ಗೆ ನಾಲ್ಕು ದಿನ ಇರುವಾಗ ಬಿಟ್ಟೆ. ಮರುದಿನ ಮಧ್ಯಾಹ್ನ ತಲೆನೋವು ಶುರುವಾಯಿತು. ಎರಡನೇ ದಿನ ಕಣ್ಣು ಬಿಡಲಿಕ್ಕೆ ಆಗಲಿಲ್ಲ. ಕೈ ನಡುಕ, ಸಿಟ್ಟು, ಯಾರು ಮಾತಾಡಿಸಿದರೂ ಅಳು. ಆ ಅವಸ್ಥೆಯಲ್ಲೇ ಅಡ್ಮಿಟ್ ಆದದ್ದು. ನಿಮ್ಮ ಹತ್ತಿರ ಆರು ವಾರ ಉಂಟಲ್ಲ, ಪುಣ್ಯವಂತರು.

ಮೂರು ದಿನಕ್ಕೊಂದು ಲೋಟ ಕಡಿಮೆ ಮಾಡಿ. ಬೆಳಗ್ಗಿನದ್ದನ್ನೂ ಅತ್ತೆಯ ಜೊತೆಯದ್ದನ್ನೂ ಕೊನೆಗೆ ಇಟ್ಟುಕೊಳ್ಳಿ. ಮೊದಲು ಹೋಗಬೇಕಾದ್ದು ಗಿರಾಕಿಗಳ ಜೊತೆಯ ಚಾ. ಅದು ನಿಮಗೆ ಬೇಕಾಗಿ ಕುಡಿಯುವುದೇ ಅಲ್ಲ, ಅಲ್ವಾ?

ಪಥ್ಯದಕ್ಕ, ಉಡುಪಿ | ಫೆಬ್ರವರಿ 5

ನಾನು ಡಯಟಿಷಿಯನ್. ನಿಮ್ಮ ಆಸ್ಪತ್ರೆಯವಳಲ್ಲ, ಹಾಗಾಗಿ ನಿಮ್ಮ ತಂಡ ಹೇಳಿದ್ದೇ ಕೊನೆಯ ಮಾತು. ನಾನು ಕಾರಣ ಮಾತ್ರ ಹೇಳುತ್ತೇನೆ. ಕಾರಣ ಗೊತ್ತಿದ್ದರೆ ಬಿಡುವುದು ಸುಲಭ.

ಮೊದಲು ಕಾಫಿ ಮತ್ತು ಗ್ಯಾಸನ್ನು ಒಂದೇ ಚೀಲಕ್ಕೆ ಹಾಕಬೇಡಿ. ಹಾಳೆಯಲ್ಲಿ ಒಂದೇ ಸಾಲಿನಲ್ಲಿ ಬರೆದರೂ ಎರಡಕ್ಕೂ ಕಾರಣ ಬೇರೆ, ಎರಡರ ಅವಧಿಯೂ ಬೇರೆ.

ಕಾಫಿ: ಕೆಫೀನ್ ಹೊಟ್ಟೆಯ ಆಸಿಡ್ ಹೆಚ್ಚಿಸುತ್ತದೆ. ಅನ್ನನಾಳದ ಕೆಳಗಿನ ಬಾಗಿಲನ್ನು ಸ್ವಲ್ಪ ಸಡಿಲ ಮಾಡುತ್ತದೆ. ಸ್ಲೀವ್‌ನಲ್ಲಿ ಹೊಟ್ಟೆಯ ಮುಕ್ಕಾಲು ಭಾಗಕ್ಕಿಂತ ಜಾಸ್ತಿ ತೆಗೆದು, ಬಾಳೆಕಾಯಿಯಷ್ಟು ಉದ್ದದ ಕೊಳವೆ ಉಳಿಸುತ್ತಾರೆ. ಉದ್ದಕ್ಕೂ ಪಿನ್ ಹೊಡೆದ ಗೆರೆ ಇರುತ್ತದೆ, ಅದು ಒಣಗಬೇಕು. ಮೊದಲೇ ಸ್ಲೀವ್ ಆದವರಿಗೆ ಎದೆಯುರಿ ಕಾಟ ಜಾಸ್ತಿ. ಹಾಗಾಗಿ ಮೊದಲ ವಾರಗಳಲ್ಲಿ ಬೇಡ ಅನ್ನುತ್ತಾರೆ. ಕೆಲವರು ನಾಲ್ಕು ವಾರ, ಕೆಲವರು ಆರು, ಕೆಲವರು ಮೂರು ತಿಂಗಳು ಅನ್ನುತ್ತಾರೆ. ಆಸ್ಪತ್ರೆಯಿಂದ ಆಸ್ಪತ್ರೆಗೆ ಬದಲಾಗುತ್ತದೆ. ಸಾಮಾನ್ಯವಾಗಿ ಅದು ಜೀವನಪರ್ಯಂತದ ನಿಷೇಧ ಅಲ್ಲ.

ಮುಂಚೆಯೇ ಬಿಡಿಸುವುದಕ್ಕೆ ಇನ್ನೊಂದು ಕಾರಣ ಉಂಟು. ತಲೆನೋವು ಆಪರೇಷನ್ ಮರುದಿನ ಬಂದರೆ ಅದು ಅರಿವಳಿಕೆಯದ್ದಾ, ನೀರು ಕಡಿಮೆಯಾದದ್ದಾ, ಕಾಫಿ ಬಿಟ್ಟದ್ದಾ ಅಂತ ಯಾರಿಗೂ ಗೊತ್ತಾಗುವುದಿಲ್ಲ. ಮನೆಯಲ್ಲೇ ಅನುಭವಿಸಿ ಮುಗಿಸಿಕೊಳ್ಳುವುದು ಒಳ್ಳೆಯದು. ಕೊನೆಯ ಲೋಟದಿಂದ 12-24 ಗಂಟೆಗೆ ಶುರುವಾಗುತ್ತದೆ, ಒಂದೆರಡು ದಿನಕ್ಕೆ ಜೋರಾಗುತ್ತದೆ, ಹೆಚ್ಚೆಂದರೆ ಒಂಬತ್ತು ದಿನ.

ಗ್ಯಾಸ್ ಪಾನೀಯದ ವಿಷಯ ನಾಳೆ ಬರೆಯುತ್ತೇನೆ, ಓಪಿಡಿಗೆ ಹೊತ್ತಾಯಿತು.

ಗೋಲಿಸೋಡಾ, ಕಾರ್ಕಳ ರಸ್ತೆ | ಫೆಬ್ರವರಿ 5

ಪಥ್ಯದಕ್ಕ ನಾಳೆ ಬರೆಯುವ ಮೊದಲು ನಾನು ಹೇಳುತ್ತೇನೆ. ನನ್ನ ಅಪ್ಪನದ್ದು ಸೋಡಾ ಅಂಗಡಿ ಇತ್ತು. ಗೋಲಿ ಬಾಟಲಿ ತೊಳೆದೇ ನಾನು ಹತ್ತನೇ ಕ್ಲಾಸ್ ಮುಗಿಸಿದ್ದು.

ಆ ಗೋಲಿಯನ್ನು ಬಾಯಿಗೆ ಒತ್ತಿ ಹಿಡಿಯುವುದು ಯಾರು? ಮುಚ್ಚಳ ಇಲ್ಲ, ಅಂಟು ಇಲ್ಲ. ಒಳಗಿನ ಗ್ಯಾಸೇ. 1872ರಲ್ಲಿ ಇಂಗ್ಲೆಂಡಿನ ಹೈರಮ್ ಕಾಡ್ ಅನ್ನುವವನು ಪೇಟೆಂಟ್ ಮಾಡಿದ ಬಾಟಲಿ ಅದು. ಹೆಬ್ಬೆರಳು ಹಾಕಿ ಒತ್ತದೆ ಒಳಗೆ ಹೋಗುವುದಿಲ್ಲ, ಅಷ್ಟು ಒತ್ತಡ. ಒಂದು ಲೀಟರ್ ಕೋಲಾದಲ್ಲಿ ಮೂರರಿಂದ ನಾಲ್ಕು ಲೀಟರ್ ಗ್ಯಾಸ್ ಕರಗಿರುತ್ತದೆ. ಅಂದರೆ ಒಂದು ಸಣ್ಣ ಬಾಟಲಿ ಕುಡಿದರೆ ಹತ್ತಿರ ಹತ್ತಿರ ಒಂದು ಲೀಟರ್ ಗ್ಯಾಸ್ ಹೊರಗೆ ಬರಬೇಕು. ನಮ್ಮ ದೊಡ್ಡ ಹೊಟ್ಟೆಗೆ ಅದು ಒಂದು ತೇಗು. ಬೈಪಾಸ್ ಆದವರ ಹೊಟ್ಟೆ ಎಷ್ಟು, 30 ಮಿ.ಲೀ. ಅಲ್ವಾ? ಅದು ಎಲ್ಲಿಗೆ ಹೋಗಬೇಕು?

ಮೂರನೇ ಮಹಡಿ, ಮಣಿಪಾಲ | ಫೆಬ್ರವರಿ 5

ಎಲ್ಲಿಗೂ ಹೋಗುವುದಿಲ್ಲ. ಅಲ್ಲೇ ನಿಂತು ಚುಚ್ಚುತ್ತದೆ. ಎರಡನೇ ತಿಂಗಳಲ್ಲಿ ತಮ್ಮನ ಮೆಹಂದಿಯಲ್ಲಿ ಮರೆತು ಎರಡು ಗುಟುಕು ಕುಡಿದಿದ್ದೆ. ಡಿಜೆ ಹಾಡು ಬಡಿಯುತ್ತಿದೆ, ನಾನು ಚಪ್ಪರದ ಹಿಂದೆ ಎದೆ ಹಿಡಿದುಕೊಂಡು ಕೂತಿದ್ದೇನೆ. ಅರ್ಧ ಗಂಟೆ.

ಪಣಂಬೂರು ಪೈಲ್ವಾನ | ಫೆಬ್ರವರಿ 6

ಸುಮ್ನೆ ಹೆದರಿಸಬೇಡಿ ಮಾರಾಯ್ರೆ. ನನಗೂ ಸ್ಲೀವ್ ಆಗಿ ಎರಡೂವರೆ ವರ್ಷ. ಆರನೇ ತಿಂಗಳಿಂದ ಕೋಲಾ ಕುಡಿಯುತ್ತಿದ್ದೇನೆ, ವಾರಕ್ಕೆ ಮೂರ್ನಾಲ್ಕು. ಎಂತ ಆಗಲಿಲ್ಲ. ಹೊಟ್ಟೆ ಒಡೆಯಲಿಲ್ಲ, ಹಿಗ್ಗಲೂ ಇಲ್ಲ.

ಪಥ್ಯದಕ್ಕ, ಉಡುಪಿ | ಫೆಬ್ರವರಿ 6

ಪೈಲ್ವಾನರು ಹೇಳಿದ್ದರಲ್ಲಿ ಅರ್ಧ ಸರಿ. ಸೋಡಾ ಕುಡಿದರೆ ಹೊಟ್ಟೆ ಹಿಗ್ಗಿ ಹಳೆಯ ಗಾತ್ರಕ್ಕೆ ಬರುತ್ತದೆ ಅನ್ನುವ ಮಾತು ಎಲ್ಲ ಕಡೆ ಓಡಾಡುತ್ತದೆ. ಅದಕ್ಕೆ ಗಟ್ಟಿ ಸಾಕ್ಷಿ ಇಲ್ಲ. ಗ್ಯಾಸ್‌ನಿಂದ ನೋವು, ಹೊಟ್ಟೆಯುಬ್ಬರ, ಎದೆಯುರಿ ಆಗುವುದು ನಿಜ. ಮುಖ್ಯವಾಗಿ ಜಾಗ ತುಂಬಿಬಿಡುತ್ತದೆ. ಆ ಸಣ್ಣ ಜಾಗಕ್ಕೆ ದಿನಕ್ಕೆ 60 ಗ್ರಾಂ ಪ್ರೋಟೀನ್, ಒಂದೂವರೆಯಿಂದ ಎರಡು ಲೀಟರ್ ನೀರು ಹೋಗಬೇಕು. ಗಾಳಿಗೆ ಅಲ್ಲಿ ಬಾಡಿಗೆ ಕೊಡಲಿಕ್ಕೆ ಆಗುವುದಿಲ್ಲ.

ಆದರೆ ನಿಜವಾದ ಕಳ್ಳ ಗ್ಯಾಸ್ ಅಲ್ಲ, ಸಕ್ಕರೆ. 300 ಮಿ.ಲೀ. ಕೋಲಾದಲ್ಲಿ 30 ಗ್ರಾಂ ಮೇಲೆ ಸಕ್ಕರೆ, ಆರೇಳು ಚಮಚ. ಅದು ದ್ರವ, ಹೊಟ್ಟೆ ಎಷ್ಟೇ ಸಣ್ಣದಿದ್ದರೂ ಜಾರಿ ಹೋಗುತ್ತದೆ. ಬಂಗುಡೆ ಮೀನು ತಿಂದರೆ ಅರ್ಧಕ್ಕೇ ಸಾಕಾಗುತ್ತದೆ, ಕೋಲಾ ಕುಡಿದರೆ ಸಾಕಾಗುವುದೇ ಇಲ್ಲ. ಬೈಪಾಸ್ ಆದವರಿಗೆ ಇದು ಡಂಪಿಂಗ್ ತರುತ್ತದೆ. ಸಕ್ಕರೆ ಒಮ್ಮೆಲೇ ಕರುಳಿಗೆ ಇಳಿದು ಬೆವರು, ಎದೆಬಡಿತ, ಹೊಟ್ಟೆ ಹಿಂಡುವುದು, ಭೇದಿ. ಸ್ಲೀವ್‌ನವರಿಗೆ ಅದು ಅಷ್ಟಾಗಿ ಬರುವುದಿಲ್ಲ. ಹಾಗಾಗಿ ಎಚ್ಚರಿಸುವವರು ಯಾರೂ ಇಲ್ಲ.

ಸೂಜಿದಾರ, ನಿಮ್ಮ ಜೀರಾ ಸೋಡಾವನ್ನೂ ಇದೇ ಲೆಕ್ಕಕ್ಕೆ ಸೇರಿಸಿ. ನಮ್ಮ ಕಡೆ ಇದೊಂದು ಭ್ರಮೆ. ಪುತ್ತೂರಿನ ಬಿಂದು ಜೀರಾ ಬಂದ ಮೇಲೆ ಮದುವೆ ಊಟದಲ್ಲಿ ಅದಿಲ್ಲದೆ ಆಗುವುದಿಲ್ಲ. ನನಗೂ ಇಷ್ಟ. ಆದರೆ ಜೀರಿಗೆ ಉಂಟು ಅಂತ ಅದು ಕಷಾಯ ಆಗುವುದಿಲ್ಲ, ಗ್ಯಾಸೂ ಸಕ್ಕರೆಯೂ ಅದರಲ್ಲಿ ಉಂಟು. ನನ್ನ ಹತ್ತಿರ ಬರುವವರು "ಮೇಡಂ, ನಾನು ಕೋಲಾ ಮುಟ್ಟುವುದೇ ಇಲ್ಲ" ಅನ್ನುತ್ತಾರೆ. ಜೀರಾ? "ಅದು ಜೀರ್ಣಕ್ಕೆ!"

ಸೂಜಿದಾರ, ಸುರತ್ಕಲ್ | ಫೆಬ್ರವರಿ 6

ಸಿಕ್ಕಿಬಿದ್ದೆ.

ಸುಲೈಮಾನಿ, ಬಂದರ್ | ಫೆಬ್ರವರಿ 7

ನಮ್ಮಲ್ಲಿ ಬಿರಿಯಾನಿ ಆದ ಮೇಲೆ ಸುಲೈಮಾನಿ ಚಾ ಇಲ್ಲದಿದ್ದರೆ ಊಟ ಮುಗಿದ ಹಾಗೆ ಆಗುವುದಿಲ್ಲ. ಅದರಲ್ಲಿ ಹಾಲಿಲ್ಲ, ಸಕ್ಕರೆಯೂ ಹಾಕದೆ ಕುಡಿಯಬಹುದು, ನಿಂಬೆ ಹಾಕುತ್ತೇವೆ. ಅದೂ ಬೇಡವಾ ಪಥ್ಯದಕ್ಕ? ಅಮ್ಮನಿಗೆ ಮುಂದಿನ ತಿಂಗಳು ಬೈಪಾಸ್.

ಪಥ್ಯದಕ್ಕ, ಉಡುಪಿ | ಫೆಬ್ರವರಿ 7

ಕಾಫಿಗಿಂತ ಕೆಫೀನ್ ಕಡಿಮೆ. ಆದರೂ ಇದೆ. ಮೊದಲ ವಾರಗಳಿಗೆ ಬೇಡ. ಆಮೇಲೆ ಶುರು ಮಾಡಿದರೂ ಒಂದು ವಿಷಯ ಅಮ್ಮನಿಗೆ ಹೇಳಿ. ಚಾದಲ್ಲಿರುವ ಟ್ಯಾನಿನ್ ಕಬ್ಬಿಣಾಂಶ ಹೀರದಂತೆ ತಡೆಯುತ್ತದೆ. ಬೈಪಾಸ್ ಆದವರಿಗೆ ಕಬ್ಬಿಣ ಮೊದಲೇ ಕಡಿಮೆ ಹೀರುತ್ತದೆ, ಯಾಕೆಂದರೆ ಅದನ್ನು ಹೀರುವ ಸಣ್ಣಕರುಳಿನ ಮೊದಲ ಭಾಗವನ್ನೇ ದಾಟಿಸಿರುತ್ತಾರೆ. ಹಾಗಾಗಿ ಊಟ ಆದ ಕೂಡಲೇ ಸುಲೈಮಾನಿ ಅನ್ನುವ ನಿಮ್ಮ ಪದ್ಧತಿ ಸ್ವಲ್ಪ ಬದಲಾಗಬೇಕು. ಐರನ್ ಮಾತ್ರೆಗೂ ಚಾ-ಕಾಫಿಗೂ ಕಡಿಮೆ ಅಂದರೆ ಒಂದೆರಡು ಗಂಟೆ ಅಂತರ ಇರಲಿ. ಐರನ್‌ಗೂ ಕ್ಯಾಲ್ಸಿಯಂಗೂ ಎರಡು ಗಂಟೆ. ಹೇಗೂ ಊಟದ ಜೊತೆ, ಊಟ ಆಗಿ ಅರ್ಧ ಗಂಟೆ ಏನೂ ಕುಡಿಯುವಂತಿಲ್ಲ.

ಸುಲೈಮಾನಿ, ಬಂದರ್ | ಫೆಬ್ರವರಿ 7

ಊಟ ಆಗಿ ಅರ್ಧ ಗಂಟೆ ನೀರೂ ಇಲ್ವಾ? ಇದನ್ನು ಅಮ್ಮನಿಗೆ ನೀವೇ ಹೇಳಬೇಕು, ನನ್ನಿಂದ ಆಗುವುದಿಲ್ಲ.

ಆಟದ ಮರ್ಲ್, ಬ್ರಹ್ಮಾವರ | ಫೆಬ್ರವರಿ 8

ಮಧ್ಯೆ ಬಾಯಿ ಹಾಕುತ್ತೇನೆ. ಆಪರೇಷನ್ ಆದವನಲ್ಲ, ಆದವಳ ಗಂಡ. ಯಕ್ಷಗಾನದ ಹುಚ್ಚು. ರಾತ್ರಿಯಿಡೀ ಆಟ ನೋಡುವವನಿಗೆ ಎರಡು ಗಂಟೆಯ ಚಾ ಅಂದರೆ ಏನು ಅಂತ ಗೊತ್ತಿರುವವರಿಗೇ ಗೊತ್ತು. ಹೆಂಡತಿಗಾಗಿ ನಾನೂ ಬಿಟ್ಟೆ. ಮಹಿಷಾಸುರ ದೊಂದಿ ಹಿಡಿದು ರಂಗಸ್ಥಳಕ್ಕೆ ಬರುವಾಗ ನಾನು ಕುರ್ಚಿಯಲ್ಲಿ ಗೊರಕೆ ಹೊಡೆಯುತ್ತಿದ್ದೆ. ಪಕ್ಕದವರು ವೀಡಿಯೊ ಮಾಡಿದ್ದಾರೆ.

ಉಪಯೋಗಕ್ಕೆ ಬರುವ ಒಂದು ಮಾತು. ನಾವು ಫಿಲ್ಟರ್ ಪುಡಿಯಲ್ಲಿ ಚಿಕೋರಿ ಹೆಚ್ಚು ಮಾಡುತ್ತಾ ಹೋದೆವು. ಚಿಕೋರಿ ಬೇರು, ಅದರಲ್ಲಿ ಕೆಫೀನ್ ಇಲ್ಲ. ಮೊದಲ ವಾರ 80-20, ಆಮೇಲೆ 60-40. ಅಂಗಡಿಯ ಪ್ಯಾಕೆಟ್‌ನಲ್ಲಿ ಕಾಫಿ 51 ಪರ್ಸೆಂಟ್‌ಗಿಂತ ಕಡಿಮೆ ಇರುವಂತಿಲ್ಲ, ಕಾನೂನು. ಆಮೇಲೆ ಚಿಕೋರಿ ಬೇರೆಯೇ ತಂದು ಮನೆಯಲ್ಲಿ ಬೆರೆಸಿದೆವು. ಬಣ್ಣ ಅದೇ, ಕಹಿ ಅದೇ, ನೊರೆ ಅದೇ. ನಾಲಗೆಗೆ ಮೋಸ ಮಾಡಬಹುದು, ತಲೆಗೆ ನಿಧಾನಕ್ಕೆ ಗೊತ್ತಾಗುತ್ತದೆ. ಇನ್ನೊಂದು, ಪುಡಿ ಕೊಳ್ಳುವಾಗ ರೊಬಸ್ಟಾನಾ ಅರೇಬಿಕಾನಾ ಕೇಳಿ. ರೊಬಸ್ಟಾದಲ್ಲಿ ಕೆಫೀನ್ ಹೆಚ್ಚುಕಡಿಮೆ ದುಪ್ಪಟ್ಟು.

ಸೂಜಿದಾರ, ಸುರತ್ಕಲ್ | ಫೆಬ್ರವರಿ 15

ವರದಿ ಕೊಡುತ್ತೇನೆ. ಕೋಲಾ, ಜೀರಾ ಎರಡೂ ನಿಲ್ಲಿಸಿ ಒಂಬತ್ತು ದಿನ. ಇದು ಕಷ್ಟ ಆಗುತ್ತದೆ ಅಂದುಕೊಂಡಿದ್ದೆ, ಆಗಲಿಲ್ಲ. ಮನೆಗೆ ತರುವುದನ್ನೇ ನಿಲ್ಲಿಸಿದೆ. ಮಗ ಎರಡು ದಿನ ಮುಖ ಉಬ್ಬಿಸಿದ, ಆಮೇಲೆ ಅವನಿಗೂ ಮರೆತು ಹೋಯಿತು.

ಕಾಪಿ ಏಳರಿಂದ ಮೂರಕ್ಕೆ ಬಂತು. ಗಿರಾಕಿಗಳಿಗೆ ಚಾ ಮಾಡುವುದು ನಿಲ್ಲಿಸಲಿಕ್ಕೆ ಅತ್ತೆ ಒಪ್ಪಲಿಲ್ಲ. "ಮನೆಗೆ ಬಂದವರಿಗೆ ಏನೂ ಕೊಡದೆ ಕಳಿಸುವುದಾ?" ಅಂತ. ಕೊನೆಗೆ ಅವರೇ ಒಂದು ದಾರಿ ಹುಡುಕಿದರು. ಅವರ ಅಮ್ಮನ ಮನೆಯಲ್ಲಿ ಹಿಂದೆ ಯಾರು ಬಂದರೂ ಮೊದಲು ಬೆಲ್ಲ-ನೀರು. ಚಾ ಎಲ್ಲ ಆಮೇಲೆ ಬಂದದ್ದು. ಈಗ ನಮ್ಮ ಹೊಲಿಗೆ ಕೋಣೆಯ ಕಿಟಕಿಯಲ್ಲಿ ಒಂದು ತಂಬಿಗೆ ನೀರು, ಬಟ್ಟಲಲ್ಲಿ ಬೆಲ್ಲದ ತುಂಡು. ಗಿರಾಕಿಗಳಿಗೆ ತುಂಬ ಖುಷಿ. ಒಬ್ಬರು ಫೋಟೋ ತೆಗೆದು ಸ್ಟೇಟಸ್ ಹಾಕಿದರು. ನನಗೆ ನೀರು ಮಾತ್ರ, ಬೆಲ್ಲ ಮುಟ್ಟಿದರೆ ಅತ್ತೆಯ ಕಣ್ಣು ನನ್ನ ಮೇಲೆಯೇ.

ಆದರೆ ಈ ತಲೆನೋವು! ಮೂರಕ್ಕೆ ಇಳಿಸಿದ ದಿನದಿಂದ ಹಣೆಯಲ್ಲಿ ಯಾರೋ ಮಿಷನ್ ಓಡಿಸಿದ ಹಾಗೆ. ಮೆಡಿಕಲ್‌ನಿಂದ ತಲೆನೋವಿನ ಮಾತ್ರೆ ತಂದೆ. ನುಂಗಿದ ಅರ್ಧ ಗಂಟೆಗೆ ಹೂವಿನ ಹಾಗೆ ಹಗುರ. ದಿನಾ ಒಂದು ತೆಗೆದುಕೊಳ್ಳುತ್ತಿದ್ದೇನೆ. ಪರವಾಗಿಲ್ಲ ಅಲ್ವಾ?

ಬಿಳಿಕೋಟು, ಕಂಕನಾಡಿ | ಫೆಬ್ರವರಿ 15

ನಾನು ನರ್ಸ್. ಸ್ಟ್ರಿಪ್‌ನ ಹಿಂದೆ ಸಣ್ಣ ಅಕ್ಷರದಲ್ಲಿ ಏನು ಬರೆದಿದೆ, ಓದಿ ಹೇಳಿ.

ಸೂಜಿದಾರ, ಸುರತ್ಕಲ್ | ಫೆಬ್ರವರಿ 15

ಪ್ಯಾರಾಸಿಟಮಾಲ್, ಇನ್ನೇನೋ ಉದ್ದ ಹೆಸರು, ಕೆಫೀನ್ 50 ಮಿ.ಗ್ರಾಂ.

ಅಯ್ಯೋ ದೇವರೇ.

ಬಿಳಿಕೋಟು, ಕಂಕನಾಡಿ | ಫೆಬ್ರವರಿ 15

ಹ್ಞಾಂ. ಮುಂಬಾಗಿಲಿನಿಂದ ಓಡಿಸಿದ ಬೆಕ್ಕು ಹಿಂಬಾಗಿಲಿನಿಂದ ಬಂದಿದೆ. ನೋವು ಇಳಿದದ್ದು ಬೇಗ ಯಾಕೆ ಅಂತ ಈಗ ಗೊತ್ತಾಯಿತಲ್ಲ. ತಲೆನೋವಿನ ಎಷ್ಟೋ ಮಾತ್ರೆಗಳಲ್ಲಿ ಅದು ಇರುತ್ತದೆ. ಬರೀ ಪ್ಯಾರಾಸಿಟಮಾಲ್ ಸಾಕಾ ಅಂತ ನಿಮ್ಮ ಡಾಕ್ಟರ್ ಹತ್ತಿರ ಕೇಳಿ.

ಇದೇ ನೆಪದಲ್ಲಿ ಎಲ್ಲರಿಗೂ ಹೇಳುತ್ತೇನೆ. ಆಪರೇಷನ್ ಆದ ಮೇಲೆ ಬ್ರೂಫೆನ್, ಡೈಕ್ಲೋಫೆನಾಕ್ ತರಹದ ನೋವಿನ ಮಾತ್ರೆ ನೀವಾಗಿಯೇ ತೆಗೆದುಕೊಳ್ಳಬೇಡಿ. ಬೈಪಾಸ್ ಆದವರಿಗಂತೂ ಜೋಡಿಸಿದ ಜಾಗದಲ್ಲಿ ಹುಣ್ಣಾಗುತ್ತದೆ. ಬೀಡಿ-ಸಿಗರೇಟು ಸೇದುವವರಿಗೆ ಇನ್ನೂ ಬೇಗ. ಕಾಫಿಯ ಬಗ್ಗೆ ಇಷ್ಟು ಚರ್ಚೆ ಮಾಡುವವರು ಮಂಡಿನೋವಿಗೆ ಮಾತ್ರೆ ನುಂಗುವಾಗ ಯಾರನ್ನೂ ಕೇಳುವುದಿಲ್ಲ.

ಕಡಲಕರೆ, ಮಲ್ಪೆ | ಫೆಬ್ರವರಿ 16

ಎಲ್ಲರೂ ಕಾಪಿ-ಸೋಡಾ ಅಂತಲೇ ಮಾತಾಡುತ್ತಿದ್ದೀರಿ. ಕೇಳಲಿಕ್ಕೆ ನಾಚಿಕೆ, ಆದರೂ ಕೇಳುತ್ತೇನೆ. ಬಿಯರ್? ಭಾನುವಾರ ಬೋಟ್ ಇಲ್ಲದ ದಿನ, ಕಾಣೆ ಮೀನಿನ ಫ್ರೈ ಜೊತೆ ಒಂದು.

ಪಥ್ಯದಕ್ಕ, ಉಡುಪಿ | ಫೆಬ್ರವರಿ 16

ನಾಚಿಕೆ ಬೇಡ, ಇದನ್ನು ಕೇಳದವರ ಬಗ್ಗೆಯೇ ನನಗೆ ಚಿಂತೆ. ಬಿಯರ್‌ನಲ್ಲಿ ಗ್ಯಾಸೂ ಉಂಟು, ಮದ್ಯವೂ ಉಂಟು. ಆಪರೇಷನ್ ಆದ ಮೇಲೆ, ಬೈಪಾಸ್‌ನಲ್ಲಂತೂ ಖಂಡಿತ, ಮದ್ಯ ಬೇಗ ರಕ್ತಕ್ಕೆ ಏರುತ್ತದೆ, ಮೊದಲಿಗಿಂತ ಹೆಚ್ಚು ಏರುತ್ತದೆ. ಒಂದು ಬಾಟಲಿ ಕುಡಿದವನು ಮೂರು ಕುಡಿದವನ ಹಾಗೆ ಆಗಬಹುದು, ಆಮೇಲೆ ಬೈಕ್ ಹತ್ತಬಹುದು. ಕೆಲವರಿಗೆ ಊಟದ ಚಟದ ಜಾಗಕ್ಕೆ ಕುಡಿತ ಬಂದು ಕೂರುತ್ತದೆ. ಕಾಣೆ ತಿನ್ನಿ. ಫ್ರೈ ಬೇಡ, ಬೇಯಿಸಿದ್ದು. ಮೆತ್ತಗಿನ ಊಟಕ್ಕೆ ಬಂದಾಗ ಅದಕ್ಕಿಂತ ಒಳ್ಳೆಯ ಪ್ರೋಟೀನ್ ನಮ್ಮೂರಲ್ಲಿ ಇಲ್ಲ.

ಕಡಲಕರೆ, ಮಲ್ಪೆ | ಫೆಬ್ರವರಿ 16

ಬೇಯಿಸಿದ ಕಾಣೆ. ಸರಿ.

ಸೂಜಿದಾರ, ಸುರತ್ಕಲ್ | ಮಾರ್ಚ್ 3

ಕಾಪಿ ಪೂರ್ತಿ ಬಿಟ್ಟು ಆರು ದಿನ. ಕೆಫೀನ್ ಮಾತ್ರೆ ನಿಲ್ಲಿಸಿದ ಎರಡು ದಿನ ನರಕ, ಮೂರನೇ ದಿನ ಮಧ್ಯಾಹ್ನ ಹೊತ್ತಿಗೆ ಮಳೆ ಬಿಟ್ಟ ಹಾಗೆ ಬಿಟ್ಟಿತು. ಸಂಜೆ ಈಗ ಕೊತ್ತಂಬರಿ-ಜೀರಿಗೆ ಕಷಾಯ. ಅತ್ತೆ ಕಾಪಿ ಕುಡಿಯುತ್ತಾರೆ, ನಾನು ಕಷಾಯ. ಮೊದಲ ದಿನ ಇಬ್ಬರೂ ಮಾತಾಡಲಿಲ್ಲ. ಎರಡನೇ ದಿನ ಅವರು ತಮ್ಮ ಲೋಟವನ್ನು ಸೆರಗಿನಿಂದ ಮುಚ್ಚಿ ಹಿಡಿದರು, ನನಗೆ ಪರಿಮಳ ಬರಬಾರದು ಅಂತ. ನಗು ಬಂತು, ಅಳುವೂ ಬಂತು.

ನಾಳೆಯಿಂದ ಎರಡು ವಾರ ಲಿವರ್ ಕುಗ್ಗಿಸುವ ಪಥ್ಯ. ಲಿವರ್ ದಪ್ಪ ಇದ್ದರೆ ಹೊಟ್ಟೆಯ ಮೇಲೆ ಮುಚ್ಚಳದ ಹಾಗೆ ಕೂರುತ್ತದಂತೆ, ಡಾಕ್ಟರಿಗೆ ಕೆಲಸ ಮಾಡಲಿಕ್ಕೆ ಜಾಗ ಇರುವುದಿಲ್ಲವಂತೆ.

ಒಂದು ಸಂಶಯ. ಈ ಸೆಕೆಯಲ್ಲಿ ಬೊಂಡ (ಎಳನೀರು) ಕುಡಿಯಬಹುದಾ? ಪುನರ್ಪುಳಿ (ಕೋಕಂ) ಶರಬತ್ತು?

ಪಥ್ಯದಕ್ಕ, ಉಡುಪಿ | ಮಾರ್ಚ್ 3

ಬೊಂಡದಲ್ಲೂ ಸಕ್ಕರೆ ಉಂಟು, ಕೋಲಾದಷ್ಟಲ್ಲ, ಮೂರನೇ ಒಂದು ಭಾಗದಷ್ಟು ಅಂದುಕೊಳ್ಳಿ. ನಿಮಗೆ ಶುಗರ್ ಇರುವುದರಿಂದ ಈ ಎರಡು ವಾರದ ಲೆಕ್ಕಕ್ಕೆ ಅದನ್ನು ಸೇರಿಸಬಹುದಾ ಅಂತ ನಿಮ್ಮವರನ್ನು ಕೇಳಿ. ಕಿಡ್ನಿ ತೊಂದರೆ ಇರುವವರಿಗೆ ಬೇಡ, ಪೊಟ್ಯಾಷಿಯಂ ಜಾಸ್ತಿ. ಪುನರ್ಪುಳಿ ಹುಳಿ, ಆಪರೇಷನ್ ಆದ ಹೊಸತರಲ್ಲಿ ಉರಿಯಬಹುದು. ಶರಬತ್ತಿನ ಸಿರಪ್ ಅಂತೂ ಪೂರಾ ಸಕ್ಕರೆ. ನೀರು ಮಜ್ಜಿಗೆ ಕುಡಿಯಿರಿ, ಬೆಣ್ಣೆ ತೆಗೆದದ್ದು.

ಸೂಜಿದಾರ, ಸುರತ್ಕಲ್ | ಮಾರ್ಚ್ 26

ಬದುಕಿದ್ದೇನೆ. ಆಪರೇಷನ್ ಆಗಿ ಎಂಟು ದಿನ. ಹೋಗುವಾಗ 107 ಕೆಜಿ.

ಹೊಟ್ಟೆ ನೋವಿಗಿಂತ ಹೆಗಲು ನೋವು ಜೋರು! ಯಾರೂ ಹೇಳಿರಲಿಲ್ಲ. ಆಪರೇಷನ್ ಮಾಡುವಾಗ ಹೊಟ್ಟೆಯ ಒಳಗೆ ಗ್ಯಾಸ್ ತುಂಬಿಸಿ ಉಬ್ಬಿಸುತ್ತಾರಂತೆ, ಅದು ಉಳಿದು ಹೆಗಲಿಗೆ ಚುಚ್ಚುತ್ತದಂತೆ. ಮೂರು ದಿನ ವರಾಂಡದಲ್ಲಿ ನಡೆದು ನಡೆದು ಹೋಯಿತು.

ಗೋಲಿಸೋಡಾ, ಕಾರ್ಕಳ ರಸ್ತೆ | ಮಾರ್ಚ್ 26

ಅಕ್ಕ, ಆ ಗ್ಯಾಸ್ ಯಾವುದು ಗೊತ್ತಾ? ಇಂಗಾಲದ ಡೈಆಕ್ಸೈಡ್. ನಮ್ಮ ಸೋಡಾದ್ದೇ. ಕೋಲಾ ಬಿಟ್ಟು ಹೋದವರಿಗೆ ಆಸ್ಪತ್ರೆಯವರೇ ತುಂಬಿಸಿ ಕಳಿಸಿದ್ದಾರೆ.

ಸೂಜಿದಾರ, ಸುರತ್ಕಲ್ | ಮಾರ್ಚ್ 26

ನಗಿಸಬೇಡಿ ಮಾರಾಯ್ರೆ, ಹೊಲಿಗೆ ಎಳೆಯುತ್ತದೆ.

ಕಷ್ಟ ಇರುವುದು ನೀರಿನಲ್ಲಿ. 30 ಮಿ.ಲೀ.ಯ ಔಷಧಿ ಕಪ್, ಹತ್ತು-ಹದಿನೈದು ನಿಮಿಷಕ್ಕೆ ಒಂದು. ದಿನವಿಡೀ ಇದೇ ಕೆಲಸ. ಮೊಬೈಲ್‌ನಲ್ಲಿ ಗಂಟೆ ಹೊಡೆಯುತ್ತದೆ, ಮಗ ಕಪ್ ಹಿಡಿದು ಬರುತ್ತಾನೆ. ಮೊನ್ನೆ ಸೆಕೆಗೆ ತಲೆ ತಿರುಗಿತು, ಮೂತ್ರ ಹಳದಿ. ಫೋನ್ ಮಾಡಿದೆ, ನೀರು ಸಾಲದು ಅಂತ ಬೈದರು. ಈಗ ಕುಚ್ಚಲಕ್ಕಿ ಗಂಜಿಯ ತಿಳಿಗೆ ಚೂರು ಉಪ್ಪು ಹಾಕಿ ಕುಡಿಯುತ್ತೇನೆ. ಅದಕ್ಕೆ ಇಷ್ಟು ರುಚಿ ಇತ್ತು ಅಂತ 43 ವರ್ಷ ಗೊತ್ತಿರಲಿಲ್ಲ.

ಬಿಳಿಕೋಟು, ಕಂಕನಾಡಿ | ಮಾರ್ಚ್ 27

ಫೋನ್ ಮಾಡಿದ್ದು ಒಳ್ಳೆಯದಾಯಿತು. ಈ ಆಪರೇಷನ್ ಆದವರು ತಿರುಗಿ ಅಡ್ಮಿಟ್ ಆಗುವ ಸಾಮಾನ್ಯ ಕಾರಣಗಳಲ್ಲಿ ನೀರು ಕಡಿಮೆಯಾಗುವುದೂ ಒಂದು. ನಮ್ಮೂರಿನ ಏಪ್ರಿಲ್ ಬೆವರಿಗೆ ಇನ್ನೂ ಹುಷಾರು ಬೇಕು. ವಾಂತಿ ನಿಲ್ಲದಿದ್ದರೆ, ಜ್ವರ ಬಂದರೆ, ಎದೆಬಡಿತ ಜೋರಾದರೆ ಇಲ್ಲಿ ಬರೆದು ಕಾಯಬೇಡಿ. ನೇರ ಆಸ್ಪತ್ರೆಗೆ.

ಪಣಂಬೂರು ಪೈಲ್ವಾನ | ಏಪ್ರಿಲ್ 19

ಸೂಜಿದಾರ ಅಕ್ಕನ ಪೋಸ್ಟ್ ಎಲ್ಲ ಕೂತು ಓದಿದೆ. ಫೆಬ್ರವರಿಯಲ್ಲಿ ನಾನು "ಎಂತ ಆಗಲಿಲ್ಲ" ಅಂತ ಬರೆದಿದ್ದೆ. ಪೂರ್ತಿ ಹೇಳಿರಲಿಲ್ಲ. 41 ಕೆಜಿ ಇಳಿದಿದ್ದೆ, ಅದರಲ್ಲಿ 11 ವಾಪಸ್ ಬಂದಿದೆ. ಕೋಲಾದಿಂದಲೇ ಅಂತ ಹೇಳುವುದಿಲ್ಲ. ನೈಟ್ ಶಿಫ್ಟ್, ಕ್ಯಾಂಟೀನ್ ಬನ್ಸ್, ಎಲ್ಲ ಸೇರಿ. ಆದರೆ ಎನರ್ಜಿ ಡ್ರಿಂಕ್ ಕೂಡ ಶುರುವಾಗಿತ್ತು, ಶಿಫ್ಟಿಗೆ ಎರಡು. ಮೊನ್ನೆ ಬಾಟಲಿ ತಿರುಗಿಸಿ ಓದಿದೆ. ಮಕ್ಕಳಿಗೆ, ಗರ್ಭಿಣಿಯರಿಗೆ ಬೇಡ ಅಂತ ಬರೆದಿದ್ದಾರೆ. ನಾನು ಎರಡೂ ಅಲ್ಲ ಅಂತ ಧೈರ್ಯದಿಂದ ಕುಡಿದೆ, ರಾತ್ರಿ ಎದೆಯುರಿ ತಾಳದೆ ಕೂತೇ ನಿದ್ದೆ ಮಾಡಿದೆ.

ಪಥ್ಯದಕ್ಕ, ಎರಡೂವರೆ ವರ್ಷ ಆದ ಮೇಲೆ ತಿರುಗಿ ಡಯಟಿಷಿಯನ್ ಹತ್ತಿರ ಹೋದರೆ ಬೈಯುತ್ತಾರಾ?

ಪಥ್ಯದಕ್ಕ, ಉಡುಪಿ | ಏಪ್ರಿಲ್ 19

ನಾನಾದರೆ ಕುರ್ಚಿ ಕೊಟ್ಟು ಕೂರಿಸುತ್ತೇನೆ. ಹೋಗಿ. ಎದೆಯುರಿಯ ವಿಷಯ ಸರ್ಜನ್‌ಗೂ ಹೇಳಿ, ಅದು ಕೋಲಾದ ಮೇಲೆ ಹಾಕಿ ಬಿಡುವ ವಿಷಯ ಅಲ್ಲ, ನೋಡಬೇಕು. ಹಾಗೆಯೇ ಬಿ12, ಕಬ್ಬಿಣ, ವಿಟಮಿನ್ ಡಿ ರಕ್ತಪರೀಕ್ಷೆ ಎಷ್ಟು ಕಾಲ ಆಯಿತು ಮಾಡಿಸಿ?

ಪಣಂಬೂರು ಪೈಲ್ವಾನ | ಏಪ್ರಿಲ್ 19

ಅದನ್ನು ಕೇಳಬೇಡಿ.

ಸೂಜಿದಾರ, ಸುರತ್ಕಲ್ | ಜೂನ್ 9

ನಿನ್ನೆಯಿಂದ ಇಲ್ಲಿ ಒಳ್ಳೆಯ ಮಳೆ. ಕರೆಂಟು ಇಲ್ಲ, ಹೊಲಿಗೆ ಇಲ್ಲ. ತೂಕ 91. ನನ್ನದೇ ಬ್ಲೌಸ್ ಮೂರನೇ ಸಲ ಹಿಡಿದಿದ್ದೇನೆ, ಇನ್ನು ಹಿಡಿಯಲಿಕ್ಕೆ ಬಟ್ಟೆ ಉಳಿದಿಲ್ಲ. ಕೂದಲು ಉದುರಲು ಶುರುವಾಗಿದೆ. ಅದು ಮೂರನೇ ತಿಂಗಳಿಗೆ ಬರುತ್ತದೆ ಅಂತ ಮೊದಲೇ ಹೇಳಿದ್ದರು, ಹಾಗಾಗಿ ಅಳಲಿಲ್ಲ.

ಕಳೆದ ವಾರ ತಪಾಸಣೆಗೆ ಹೋದಾಗ ಕಾಪಿಗೆ ಒಪ್ಪಿಗೆ ಸಿಕ್ಕಿತು. ದಿನಕ್ಕೆ ಒಂದು, ಸಣ್ಣದು, ಸಕ್ಕರೆ ಇಲ್ಲದೆ, ಖಾಲಿ ಹೊಟ್ಟೆಗೆ ಬೇಡ, ಎದೆಯುರಿ ಬಂದರೆ ನಿಲ್ಲಿಸು ಅಂತ. ಸೋಡಾದ ಬಗ್ಗೆ ನಾನು ಕೇಳಲೇ ಇಲ್ಲ.

ನಿನ್ನೆ ಸಂಜೆ ಅತ್ತೆ ಮಾಡಿದರು. ಹಳೆಯ ಸ್ಟೀಲ್ ಲೋಟದಲ್ಲಿ ಅರ್ಧ. ಮೂಗಿನ ಹತ್ತಿರ ತಂದರೆ ಪರಿಮಳವೇ ಬೇರೆ, ಸುಟ್ಟ ವಾಸನೆ. ಒಂದು ಗುಟುಕು ಕುಡಿದೆ. ಕಹಿ. ಇದಕ್ಕಾ ನಾನು ಹಣೆ ಹಿಡಿದುಕೊಂಡು ಅತ್ತದ್ದು? ಎರಡನೆಯದು ಪರವಾಗಿಲ್ಲ. ಇಪ್ಪತ್ತೈದು ನಿಮಿಷ ಹಿಡಿದು ಕೂತೆ, ತಣ್ಣಗಾಯಿತು, ಚೂರು ಉಳಿಯಿತು. ಅತ್ತೆ ಲೋಟ ನೋಡಿ "ಡಿಕಾಕ್ಷನ್ ಸರಿ ಇಳಿಯಲಿಲ್ವಾ?" ಅಂತ ಕೇಳಿದರು. ಇಲ್ಲ, ಚೆನ್ನಾಗಿತ್ತು ಅಂದೆ. ಉಳಿದದ್ದನ್ನು ಅವರೇ ಕುಡಿದರು.

ಆಟದ ಮರ್ಲ್, ಬ್ರಹ್ಮಾವರ | ಜೂನ್ 9

ನನ್ನ ಹೆಂಡತಿಗೂ ಹಾಗೆಯೇ ಆಗಿತ್ತು, ವಾಸನೆ ಹಿಡಿಸಲಿಲ್ಲ. ಆರು ತಿಂಗಳಿಗೆ ಸರಿ ಹೋಯಿತು. ನಾಳೆಗೂ ಉಂಟಾ ಕಾಪಿ?

ಸೂಜಿದಾರ, ಸುರತ್ಕಲ್ | ಜೂನ್ 9

ನಾಳೆ ಕಷಾಯ ಮಾಡಿ ಅಂದಿದ್ದೇನೆ. ಭಾನುವಾರ ಕಾಪಿ.

ಪಥ್ಯದಕ್ಕ, ಉಡುಪಿ | ಜೂನ್ 9

ಕಾಫಿ ಸಂಜೆ ಐದಕ್ಕೆ ಅಲ್ವಾ? ಐರನ್ ಮಾತ್ರೆ ಎಷ್ಟು ಹೊತ್ತಿಗೆ?

ಸೂಜಿದಾರ, ಸುರತ್ಕಲ್ | ಜೂನ್ 9

ರಾತ್ರಿ ಒಂಬತ್ತಕ್ಕೆ ಮೇಡಂ. ಕ್ಯಾಲ್ಸಿಯಂ ಬೆಳಿಗ್ಗೆ. ಅತ್ತೆಯೇ ಎತ್ತಿಡುವುದು, ತಪ್ಪುವುದಿಲ್ಲ.